ಕುಂಬಾರಕೊಪ್ಪಲಿನ ಅಂಗಡಿಯವರ ಐದು ಬೆಟ್ಟದ ಹಠ

ಮಂಗಳವಾರ ಬೆಳಗ್ಗೆ ಕುಂಬಾರಕೊಪ್ಪಲಿನ ಆ ದಿನಸಿ ಅಂಗಡಿಯ ಮುಂದೆ ಹೋಗಿ ನಿಂತರೆ ಕಾಣುವುದು ಮುಚ್ಚಿದ ಶಟರ್ರು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ‘ಇವತ್ತು ರಜ’. ವಾರಕ್ಕೊಂದು ರಜ ಯಾವ ಅಂಗಡಿಗಿಲ್ಲ, ಇದರಲ್ಲೇನು ವಿಶೇಷ ಅಂತೀರಾ? ವಿಶೇಷ ಇರುವುದು ಬುಧವಾರ ಬೆಳಗ್ಗೆ. ಗಿರಾಕಿ ಬಂದು ಅರ್ಧ ಕೆಜಿ ಸಕ್ಕರೆ ಕೇಳುತ್ತಾರೆ. ಗಲ್ಲಾದ ಮೇಲೆ ಕೂತ ಯಜಮಾನರು ಏಳುತ್ತಾರೆ. ಏಳುವಾಗ ಒಂದು ‘ಅಯ್ಯಪ್ಪಾ’, ಡಬ್ಬಕ್ಕೆ ಬಗ್ಗುವಾಗ ಒಂದು ‘ಅಮ್ಮಾ’, ಮತ್ತೆ ಕೂರುವಾಗ ಎರಡೂ ಸೇರಿಸಿ ಒಂದು!

ಮನುಷ್ಯ ಮಂಗಳವಾರ ಎಲ್ಲಿಗೆ ಹೋಗುತ್ತಾನೆ? ಕೊಪ್ಪಲಿನಲ್ಲಿ ಕೆಲವು ದಿನ ಇದೇ ಮಾತು. ಒಬ್ಬರು ಇಸ್ಪೀಟು ಎಂದರು. ಇನ್ನೊಬ್ಬರು ಯಾವುದೋ ಜಮೀನಿನ ಕೋರ್ಟು ಕೇಸು ಎಂದರು. ಮತ್ತೊಬ್ಬರು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ, ಮನೆಯವರೂ ಪೇಪರ್ ಓದುತ್ತಾರೆ.

ಕೊನೆಗೆ ಈ ಅಂಕಣಕಾರನೇ ಕೇಳಿಬಿಟ್ಟ. ಯಜಮಾನರು ಸುತ್ತಮುತ್ತ ನೋಡಿ, ಸಾಲದ ಲೆಕ್ಕದ ಪುಸ್ತಕ ತೆಗೆದು, ಕೊನೇ ಪುಟ ಬಿಡಿಸಿ ಮುಂದೆ ಇಟ್ಟರು. ಅಲ್ಲಿ ಗಿರಾಕಿಗಳ ಹೆಸರಿರಲಿಲ್ಲ. ಐದು ಬೆಟ್ಟಗಳ ಹೆಸರಿತ್ತು!

‘ಹೆಸ್ರು ಮಾತ್ರ ಹಾಕ್‌ಬೇಡಿ ಸಾ. ವ್ಯಾಪಾರ ಬುಟ್ಟು ಬೆಟ್ಟ ಸುತ್ತುತಾನೆ ಅಂತ ಹೋಲ್‌ಸೇಲ್‌ನೋರು ಮಾಲು ಕೊಡೋದ್ ನಿಲ್ಲಿಸ್‌ಬುಟ್ಟಾರು’ ಎಂದರು. ಆದ್ದರಿಂದ ಹೆಸರು ಹಾಕಿಲ್ಲ. ಕೊಪ್ಪಲಿನವರಿಗೆ ಹೇಗೂ ಗೊತ್ತಾಗುತ್ತದೆ.

ಶುರುವಾದದ್ದು ಹೀಗೆ

2022ರ ಮೇ ತಿಂಗಳು. ಮೈಸೂರಿನ ದಂತವೈದ್ಯೆ ಡಾ. ಉಷಾ ಹೆಗ್ಡೆ ಎವರೆಸ್ಟ್ ಹತ್ತಿದ ಸುದ್ದಿ ಊರಿನ ಪೇಪರುಗಳಲ್ಲೆಲ್ಲ ಬಂದಿತ್ತು. ಐವತ್ತು ದಾಟಿದ ಮೇಲೆ ಹತ್ತಿದವರು ಅವರು. ನಮ್ಮ ಅಂಗಡಿಯವರು ಬೆಲ್ಲ ಕಟ್ಟಲು ತೆಗೆದ ಹಳೇ ಪೇಪರಿನಲ್ಲಿ ಆ ಸುದ್ದಿ ಓದಿದರು. ಅವರಿಗೂ ಆಗ ಐವತ್ತರ ಹತ್ತಿರ. ಅದೇ ವಾರ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ‘ಸಕ್ಕರೆ ಅಂಗಡಿಯಲ್ಲಿದ್ದರೆ ಸಾಕು, ಮೈಯಲ್ಲಿ ಬೇಡ. ನಡೀರಿ’ ಎಂದಿದ್ದರು.

ಇನ್ನೂ ಒಂದು ಸಂಗತಿ ಇತ್ತು. ಇದನ್ನು ಅವರು ಬಹಳ ದಿನ ಹೇಳಲಿಲ್ಲ. ಅವರ ತಂದೆ ಮಡಕೆ ಕುಡಿಕೆ ಹೊತ್ತು ಊರೆಲ್ಲ ಮಾರಿದವರು. ದಿನವಿಡೀ ನಡೆದ ಜೀವ. ಆದರೂ 52ನೇ ವರ್ಷಕ್ಕೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ‘ಅಪ್ಪನ ವಯಸ್ಸು ಹತ್ರ ಬತ್ತಾ ಇತ್ತು ಸಾ. ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಸುಮ್ನೆ ಭಯ ಪಟ್ಕೊಂಡು ಕೂರೋ ಬದ್ಲು ಏನಾರಾ ಒಂದ್ ಮಾಡ್ಮ ಅನ್ನುಸ್ತು.’

ಎವರೆಸ್ಟಿಗೆ ಹೋಗಲು ಲಕ್ಷಗಟ್ಟಲೆ ಹಣ ಬೇಕು. ತಿಂಗಳುಗಟ್ಟಲೆ ರಜ ಬೇಕು. ಇವರ ಹತ್ತಿರ ಇದ್ದದ್ದು ಮಂಗಳವಾರ ಒಂದೇ. ಮಂಗಳವಾರದ ಅಳತೆಗೆ ತಕ್ಕ ಗುರಿ ಯಾವುದು? ಯೋಚಿಸಿ ಯೋಚಿಸಿ, ಮಗನ ಕೈಲಿ ಫೋನಿನಲ್ಲಿ ಹುಡುಕಿಸಿ, ಪುಸ್ತಕದ ಕೊನೇ ಪುಟದಲ್ಲಿ ಬರೆದುಕೊಂಡರು:

ಮುಳ್ಳಯ್ಯನಗಿರಿ, 1,930 ಮೀಟರ್.
ಬಾಬಾಬುಡನ್‌ಗಿರಿ, 1,895 ಮೀಟರ್.
ಕುದುರೆಮುಖ, 1,894 ಮೀಟರ್.
ತಡಿಯಂಡಮೋಳ್, 1,748 ಮೀಟರ್.
ಕುಮಾರ ಪರ್ವತ ಅಂದರೆ ಪುಷ್ಪಗಿರಿ, 1,712 ಮೀಟರ್.

ನಮ್ಮ ರಾಜ್ಯದ ದೊಡ್ಡ ಬೆಟ್ಟಗಳು. ಅವುಗಳಲ್ಲಿ ಮುಳ್ಳಯ್ಯನಗಿರಿಯೇ ಎಲ್ಲಕ್ಕಿಂತ ಎತ್ತರ. ಸುಮ್ಮನೆ ಎತ್ತರವಲ್ಲ, ನೀಲಗಿರಿಯಿಂದ ಉತ್ತರಕ್ಕೆ ಹೊರಟರೆ ಹಿಮಾಲಯ ಮುಟ್ಟುವ ತನಕ ಇದರ ಸಮಕ್ಕೆ ಇನ್ನೊಂದಿಲ್ಲ. ರಾಜಸ್ಥಾನದ ಅಬು ಪರ್ವತದ ಗುರುಶಿಖರ ಕೂಡ 1,722 ಮೀಟರಿಗೆ ನಿಲ್ಲುತ್ತದೆ.

ಟೀ ಅಂಗಡಿಯ ಪಂಚಾಯ್ತಿ

ಗುಟ್ಟು ರಟ್ಟಾದ ಮೇಲೆ ಟೀ ಅಂಗಡಿಯಲ್ಲಿ ವಾದ ಶುರುವಾಗದೆ ಇರುತ್ತದೆಯೇ? ಬಸ್ಸಿಗೆ ಕಾದು ನಿಂತ ರಿಟೈರಾದ ಮೇಷ್ಟ್ರು ಒಬ್ಬರು ತಕರಾರು ತೆಗೆದರು. ‘ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ ಕಟ್ಟಾರಿ ಬೆಟ್ಟ ಇದೆ, ಸುಮಾರು 1,800 ಮೀಟರ್. ಅದೇಕೆ ಪಟ್ಟಿಯಲ್ಲಿಲ್ಲ?’

ಅಂಗಡಿಯವರು ತಲೆ ಕೆರೆದುಕೊಂಡರು. ಆ ಕಾಡು 2011ರಿಂದ ಹುಲಿ ರಕ್ಷಿತಾರಣ್ಯ. ಕಂಡಕಂಡಲ್ಲಿ ನುಗ್ಗಿ ನಡೆಯುವ ಹಾಗಿಲ್ಲ. ‘ಹುಲಿ ಮನೆಗೆ ಹುಲಿ ಕರೀದೆ ನಾ ಹೋಗಾಕಿಲ್ಲ ಮೇಷ್ಟ್ರೇ’ ಎಂದರು. ಪಂಚಾಯ್ತಿ ಒಪ್ಪಿತು. ಪಟ್ಟಿಯ ಹೆಸರು ‘ರಾಜ್ಯದ ಐದು ಅತಿ ಎತ್ತರದ ಬೆಟ್ಟ’ ಎನ್ನುವುದರಿಂದ ‘ಹತ್ತಲು ಬಿಡುವ ಐದು ದೊಡ್ಡ ಬೆಟ್ಟ’ ಎಂದು ತಿದ್ದುಪಡಿಯಾಯಿತು.

ಇನ್ನೊಬ್ಬರು ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎಂದರು. ಬಂಡೀಪುರದ ಕಾಡಿನಲ್ಲಿರುವ ಆ ಬೆಟ್ಟ 1,454 ಮೀಟರ್. ಅಲ್ಲಿ ಸ್ವಂತ ವಾಹನವನ್ನು ಬುಡದಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗಬೇಕು. ‘ಅದ್ನ ಹತ್ತೋದು ಡ್ರೈವರ್ರು ಸಾ, ನಾವಲ್ಲ’ ಎಂಬ ಉತ್ತರ ಬಂತು. ಈ ಒಂದು ಮಾತಿನಿಂದ ಮುಂದೆ ದೊಡ್ಡ ಪೇಚಾಟವೇ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಬೆಟ್ಟದ ಎತ್ತರ ಅಳೆದವರು ಯಾರು, ಟೇಪು ಹಿಡಿದುಕೊಂಡು ಹತ್ತಿದರೇ ಎಂದು ಟೀ ಸೋಸುವ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಈ ಕಥೆ ನಮ್ಮ ಪಕ್ಕದೂರಿಂದಲೇ ಶುರುವಾಗುತ್ತದೆ ಎಂದರೆ ನಂಬುತ್ತೀರಾ? 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಇಂಗ್ಲಿಷ್ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಟಿಪ್ಪು ಮಡಿದ ಮೇಲೆ ಈ ರಾಜ್ಯವನ್ನೆಲ್ಲ ಲೆಕ್ಕಾಚಾರವಾಗಿ ಅಳೆಯಬೇಕೆಂದು ಮೇಲಿನವರಿಗೆ ಬರೆದುಕೊಂಡವನು ಅವನೇ. ಮೊದಲು ಬೆಂಗಳೂರಿನ ಹತ್ತಿರ, ಆಮೇಲೆ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಎಳೆದು, ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು ಇಡೀ ದೇಶವನ್ನು ಅಳೆಯುವ ಕೆಲಸ ಶುರು ಮಾಡಿದ. 1823ರಲ್ಲಿ ಆತ ತೀರಿಕೊಂಡ ಮೇಲೆ ಆ ಕೆಲಸಕ್ಕೆ ಬಂದವನ ಹೆಸರು ಜಾರ್ಜ್ ಎವರೆಸ್ಟ್! ಬೆಟ್ಟಕ್ಕೆ ಆ ಹೆಸರು ಬಂದದ್ದು ಅಲ್ಲಿಂದ. ಕೆಆರ್‌ಎಸ್‌ಗೋ ಪಟ್ಟಣಕ್ಕೋ ಹೋಗುವ ಬಸ್ಸಿನಲ್ಲಿ ಕೂತಾಗ ಇದನ್ನು ನೆನೆಸಿಕೊಳ್ಳಿ. ಎವರೆಸ್ಟಿನ ದಾರಿ ನಿಮ್ಮ ಬಸ್ಸಿನ ದಾರಿಯಲ್ಲೇ ಹಾದುಹೋಗಿದೆ.

ಒಂದು ಚಾಮುಂಡಿ, ಎರಡು ಚಾಮುಂಡಿ

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟವೇ ಗರಡಿಮನೆ ಆಯಿತು. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲು. ದಾರಿಯಲ್ಲಿ ಒಂದೇ ಕಲ್ಲಿನ ದೊಡ್ಡ ಬಸವ. ಮೊದಲ ದಿನ ಅಂಗಡಿಯವರು ಬಸವನ ತನಕವೂ ಹೋಗಲಿಲ್ಲ. ಕಲ್ಲಿನ ಮೇಲೆ ಕೂತು ನೀರು ಕುಡಿದು ವಾಪಸ್ ಬಂದರು. ಎರಡನೇ ವಾರ ಬಸವ. ಐದನೇ ವಾರ ಅಮ್ಮನವರ ದರ್ಶನ.

ಇಳಿಯುವಾಗ ಮೊದಮೊದಲು 201ರ ಬಸ್ಸು ಹಿಡಿಯುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ‘ಹತ್ತೋದು ಎದೆ ಕೆಲ್ಸ, ಇಳಿಯೋದು ಮಂಡಿ ಕೆಲ್ಸ. ಎರಡೂ ಕಲೀಬೇಕು ಸಾ’ ಎನ್ನುತ್ತಾರೆ. ಬುಧವಾರದ ‘ಅಯ್ಯಪ್ಪಾ’ ಇಳಿದದ್ದರ ಫಲ!

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಚಾಮುಂಡಿಯ ನೆತ್ತಿ 1,060ರ ಆಸುಪಾಸು. ಅಂದರೆ ಮೆಟ್ಟಿಲು ಹತ್ತಿದವನು ನಿಜಕ್ಕೂ ಮೇಲೇರುವುದು 300 ಮೀಟರ್, ಹಳೇ ಲೆಕ್ಕದಲ್ಲಿ ಸಾವಿರ ಅಡಿ. ಅಂಗಡಿಯವರ ತಲೆ ನೋಡಿ, ಸೇರು ಪಾವಿನ ಹಾಗೆ ಇದನ್ನೇ ಅಳತೆ ಮಾಡಿಕೊಂಡುಬಿಟ್ಟರು. 300 ಮೀಟರ್ ಏರಿದರೆ ‘ಒಂದು ಚಾಮುಂಡಿ’. ಎವರೆಸ್ಟಿಗೆ ನೇಪಾಳದ ಕಡೆಯ ತಳಶಿಬಿರದಿಂದ ಏರಬೇಕಾದ್ದು ಹನ್ನೊಂದೂವರೆ ಚಾಮುಂಡಿ. ಅಷ್ಟೇನಾ ಅನ್ನಬೇಡಿ, ಅಲ್ಲಿ ತುದಿಯಲ್ಲಿ ಉಸಿರಿಗೆ ಸಿಗುವ ಪ್ರಾಣವಾಯು ಸಮುದ್ರತೀರದಲ್ಲಿ ಸಿಗುವುದರ ಮೂರನೇ ಒಂದು ಭಾಗ ಮಾತ್ರ.

ಮೊದಲ ಬೆಟ್ಟ, ಮೊದಲ ಮೋಸ

2023ರ ಜನವರಿ. ನೆಂಟರ ಮದುವೆಗೆ ಚಿಕ್ಕಮಗಳೂರಿಗೆ ಹೋದವರು ಅಲ್ಲಿಂದ ಬಾಡಿಗೆ ಜೀಪಿನಲ್ಲಿ ಮುಳ್ಳಯ್ಯನಗಿರಿಗೆ ಹೋದರು. ಜೀಪು ತುದಿಯ ಹತ್ತಿರದ ತನಕ ಹೋಗುತ್ತದೆ. ಅಲ್ಲಿಂದ ಕೆಲವು ನೂರು ಮೆಟ್ಟಿಲು. ಮೇಲೆ ಪುಟ್ಟ ಗುಡಿ, ಜೋರು ಗಾಳಿ, ಎತ್ತ ನೋಡಿದರೂ ಹುಲ್ಲುಗುಡ್ಡ. ಫೋಟೋ ತೆಗೆಸಿಕೊಂಡರು. ಊರಿಗೆ ಬಂದು ಪುಸ್ತಕದ ಕೊನೇ ಪುಟದಲ್ಲಿ ಮೊದಲ ಹೆಸರಿನ ಮುಂದೆ ಟಿಕ್ಕು ಹಾಕಿದರು.

ರಾತ್ರಿ ನಿದ್ದೆ ಬರಲಿಲ್ಲ. ಗೋಪಾಲಸ್ವಾಮಿ ಬೆಟ್ಟದ ಬಗ್ಗೆ ತಾವೇ ಆಡಿದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಡ್ರೈವರ್ ಹತ್ತಿದ ಬೆಟ್ಟಕ್ಕೆ ತಾನು ಟಿಕ್ಕು ಹಾಕಬಹುದೇ? ರಾಜ್ಯದ ಅತಿ ದೊಡ್ಡ ಬೆಟ್ಟ, ಅದರಲ್ಲಿ ತಮ್ಮ ಕಾಲು ಏರಿದ್ದು ಅರ್ಧ ಚಾಮುಂಡಿಯೂ ಇಲ್ಲ! ಬೆಳಗ್ಗೆ ಎದ್ದು ಟಿಕ್ಕಿನ ಮೇಲೆ ಗೀಟು ಎಳೆದರು.

‘ತೂಕ ಕಮ್ಮಿ ಕೊಟ್ಟಂಗೆ ಆಯ್ತು ಸಾ. ಗಿರಾಕಿಗೆ ಗೊತ್ತಾಗ್ದೆ ಇರ್ಬೋದು, ತಕ್ಕಡಿ ಹಿಡ್ದೋನ್ಗೆ ಗೊತ್ತಾಗಲ್ವಾ?’

ಅಂದಿನಿಂದ ನಿಯಮವಾಯಿತು: ಬೆಟ್ಟದ ಬುಡದಿಂದ ಕಾಲ್ನಡಿಗೆಯಲ್ಲಿ ಏರಿ, ಕಾಲ್ನಡಿಗೆಯಲ್ಲೇ ಇಳಿದರೆ ಮಾತ್ರ ಟಿಕ್ಕು. ಎರಡು ತಿಂಗಳು ಬಿಟ್ಟು ಮತ್ತೆ ಚಿಕ್ಕಮಗಳೂರು. ಈ ಸಲ ಸರ್ಪದಾರಿಯಿಂದ. ಹೆಸರಿಗೆ ತಕ್ಕ ಹಾಗೆ ಹಾವಿನಂತೆ ಸುತ್ತಿಕೊಂಡು ಏಣಿನ ಮೇಲೆ ಹೋಗುವ ಕಾಲುದಾರಿ. ಅವರ ಲೆಕ್ಕದಲ್ಲಿ ಒಂದೂವರೆ ಚಾಮುಂಡಿ. ಪಕ್ಕದ ಡಾಂಬರು ರಸ್ತೆಯಲ್ಲಿ ವಾಹನಗಳ ಹಾರನ್ನು, ಇತ್ತ ಇವರ ಏದುಸಿರು. ಮೇಲೆ ಅದೇ ಗುಡಿ, ಅದೇ ಗಾಳಿ. ‘ಆದ್ರೆ ಈ ಸಲ ದೇವ್ರ ಮುಖ ನೋಡೋಕೆ ನಾಚ್ಕೆ ಆಗ್ಲಿಲ್ಲ’ ಎಂದರು.

ಬಾಬಾಬುಡನ್‌ಗಿರಿಯಲ್ಲೂ ದತ್ತಪೀಠ, ದರ್ಗಾದ ತನಕ ವಾಹನ ಹೋಗುತ್ತದೆ. ಅರೇಬಿಯಾದಿಂದ ಏಳು ಕಾಫಿ ಬೀಜ ತಂದು ಬಾಬಾಬುಡನ್ ಅಲ್ಲಿ ಬಿತ್ತಿದರೆಂದು ಪ್ರತೀತಿ. ನಮ್ಮ ಅಂಗಡಿಯಲ್ಲಿ ಕಾಫಿಪುಡಿ ಮಾರುವ ಮನುಷ್ಯ ಅದರ ತವರಿಗೆ ಕೈಮರದಿಂದ ನಡೆದೇ ಹೋದರು. ದಾರಿಯುದ್ದಕ್ಕೂ ಕಾರಿನವರು ನಿಲ್ಲಿಸಿ ‘ಬನ್ನಿ ಅಂಕಲ್, ಡ್ರಾಪ್ ಕೊಡ್ತೀವಿ’ ಎಂದರಂತೆ. ಬೆಟ್ಟ ಹತ್ತುವುದಕ್ಕಿಂತ ಅದಕ್ಕೆ ಒಲ್ಲೆ ಎನ್ನುವುದೇ ಕಷ್ಟವಾಯಿತಂತೆ!

ಮನೆಯವರ ಲೆಕ್ಕ ಬೇರೆ

ಇಷ್ಟು ಹೊತ್ತು ಯಜಮಾನರ ಹಠ ಕೇಳಿದಿರಿ. ಮನೆಯಾಕೆಯ ಮಾತನ್ನೂ ಕೇಳಬೇಕಲ್ಲ? ಕೇಳಿದೆ.

‘ವಾರಕ್ಕೊಂದ್ ದಿನ ಮನೇಲಿರ್ತಿದ್ರು. ಈಗ ಅದೂ ಬೆಟ್ಟಕ್ಕೆ. ಹೋದೋರು ಬರೋ ತನಕ ನನ್ಗೆ ಅನ್ನ ಇಳಿಯಲ್ಲ ಅಣ್ಣ. ಬೆಟ್ಟಕ್ಕೇನಾದ್ರೂ ಆಗುತ್ತಾ? ಇವ್ರಿಗೆ ಏನಾದ್ರೂ ಆದ್ರೆ ಅಂಗಡಿ ಯಾರ್ ನೋಡ್ತಾರೆ, ನನ್ನ ಯಾರ್ ನೋಡ್ತಾರೆ?’

ಅತ್ತೆಯ ಬಾಯಲ್ಲಿ ಕೇಳಿದ ಕಥೆ ಆಕೆಗೂ ಗೊತ್ತಿದೆ. 52ರ ಲೆಕ್ಕ ಆಕೆಯ ಮನಸ್ಸಿನಲ್ಲೂ ಇದೆ. ಕೊನೆಗೆ ಗಂಡ ಹೆಂಡತಿ ಒಂದು ಕರಾರಿಗೆ ಬಂದರು. ಒಂದು, ಒಬ್ಬರೇ ಹೋಗುವ ಹಾಗಿಲ್ಲ. ಎರಡು, ಹೋಗುವ ಮೊದಲು ಡಾಕ್ಟರನ್ನು ಕಾಣಬೇಕು. ಮೂರು, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರುತ್ತಾರೋ ಅಲ್ಲಿಂದಲೇ ವಾಪಸ್. ತುದಿ ಹತ್ತು ಮಾರು ದೂರ ಇದ್ದರೂ ಸರಿಯೇ. ಇದಕ್ಕೆ ಅವರ ಮನೆಯಲ್ಲಿ ‘ಒಂದು ಗಂಟೆ ಶಟರ್’ ಎಂದು ಹೆಸರು.

ಈ ಕರಾರಿನ ಮೇಲೆ ಎರಡು ಬೆಟ್ಟ ಆದವು. 2023ರ ಅಕ್ಟೋಬರಿನಲ್ಲಿ ಕುದುರೆಮುಖ. ಇದಕ್ಕೆ ಮಂಗಳವಾರ ಒಂದೇ ಸಾಲದೆ ಸೋಮವಾರವೂ ಹೋಯಿತು. ಸೋಮವಾರ ಮನೆಯಾಕೆಯೇ ಗಲ್ಲಾದಲ್ಲಿ ಕೂತರು. ಮಾಮೂಲಿಗಿಂತ ನೂರು ರೂಪಾಯಿ ಹೆಚ್ಚೇ ವ್ಯಾಪಾರ ಮಾಡಿದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು! ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿನ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಈಗ ಅರಣ್ಯ ಇಲಾಖೆಯ ಅನುಮತಿ ಪಡೆದೇ ಮುಳ್ಳೋಡಿಯಿಂದ ನಡೆಯಬೇಕು. ಶೋಲಾ ಕಾಡು, ಹಳ್ಳ, ಮತ್ತೆ ಹುಲ್ಲು, ಮತ್ತೆ ಹಳ್ಳ. ಮೂರು ಚಾಮುಂಡಿ. ಜಿಗಣೆಗಳು ಕಾಲಿನಿಂದ ತೆಗೆದುಕೊಂಡ ರಕ್ತ ಲೆಕ್ಕಕ್ಕಿಲ್ಲ.

ಆಮೇಲೆ ಕೊಡಗಿನ ತಡಿಯಂಡಮೋಳ್. ಕಕ್ಕಬ್ಬೆಯ ಹತ್ತಿರ, ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಪಕ್ಕದಿಂದ ದಾರಿ. ಎರಡು ಚಾಮುಂಡಿ. ಹನ್ನೊಂದು ಗಂಟೆಗೆಲ್ಲ ತುದಿಯಲ್ಲಿದ್ದರು. ಮನೆಗೆ ಫೋನು ಮಾಡಿ ‘ಶಟರ್‌ಗೆ ಇನ್ನೂ ಎರಡು ಗಂಟೆ ಟೈಮ್ ಐತೆ’ ಎಂದರಂತೆ.

ಐದಕ್ಕೆ ನಾಲ್ಕು ಆಯಿತು. ಉಳಿದದ್ದು ಪಟ್ಟಿಯಲ್ಲಿ ಎಲ್ಲಕ್ಕಿಂತ ಗಿಡ್ಡ. ಕುಮಾರ ಪರ್ವತ.

ಗಿಡ್ಡ ಬೆಟ್ಟದ ಉದ್ದ ದಾರಿ

ಇಲ್ಲೇ ನೋಡಿ ಪುಸ್ತಕದ ಲೆಕ್ಕಕ್ಕೂ ಕಾಲಿನ ಲೆಕ್ಕಕ್ಕೂ ಇರುವ ವ್ಯತ್ಯಾಸ. ಕಾಗದದ ಮೇಲೆ ಕುಮಾರ ಪರ್ವತ ಐದನೆಯದು. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ತಳದಲ್ಲಿ, ಸಮುದ್ರಮಟ್ಟಕ್ಕಿಂತ ಬಹಳ ಮೇಲೇನಲ್ಲ. ಅಲ್ಲಿಂದ ಹೊರಟವನು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಐದು ಚಾಮುಂಡಿ, ಒಂದರ ಮೇಲೊಂದು! ಅಷ್ಟು ಏರಿ ಮತ್ತೆ ಇಳಿಯಬೇಕು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದಾರಿ ಗಿಡ್ಡ. ‘ಅದು ಹಿಂದಿನ ಬಾಗ್ಲು, ನಾ ಮುಂದಿನ ಬಾಗ್ಲಿಂದ್ಲೇ ಹೋಯ್ತೀನಿ’ ಎಂದು ಅಂಗಡಿಯವರ ಹಠ.

2024ರ ಫೆಬ್ರವರಿಗೆ ಮುಹೂರ್ತ ಇಟ್ಟಿದ್ದರು. ಆದರೆ ಆ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ನುಗ್ಗಿದ ಜನರ ಫೋಟೋ ನೀವೂ ನೋಡಿರುತ್ತೀರಿ. ಬೆಟ್ಟವೋ ದಸರಾ ಮೆರವಣಿಗೆಯೋ ಎನ್ನುವ ಹಾಗಿತ್ತು. ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಮುಂಗಡವಾಗಿ ಆನ್‌ಲೈನಿನಲ್ಲಿ ಬುಕ್ ಮಾಡಿದವರಿಗೆ, ದಿನಕ್ಕೆ ಇಂತಿಷ್ಟೇ ಜನಕ್ಕೆ ಎಂಬ ಪದ್ಧತಿ ಬಂತು. ಅಂಗಡಿಯವರು ಗೊಣಗಿದರು. ಆದರೆ ಆಮೇಲೆ ತಾವೇ ಹೇಳಿದರು, ‘ನ್ಯಾಯಬೆಲೆ ಅಂಗ್ಡೀಲೂ ಕ್ಯೂ ಇರ್ತದಲ್ಲ ಸಾ. ಎಲ್ರೂ ಒಟ್ಗೆ ನುಗ್ಗುದ್ರೆ ಚೀಲ ಹರಿತದೆ.’ ಸರಿಯಾದ ಮಾತು. ಸಾವಿರಾರು ಬೂಟು ಒಂದೇ ದಾರಿ ತುಳಿದರೆ ಹುಲ್ಲು ಕಿತ್ತು ಮಣ್ಣು ಬೋಳಾಗುತ್ತದೆ, ಮಳೆಗಾಲದಲ್ಲಿ ಅದು ಕೊಚ್ಚಿ ಹೋಗುತ್ತದೆ.

ಕೊನೆಗೆ 2024ರ ಡಿಸೆಂಬರಿನ ಒಂದು ಮಂಗಳವಾರ ಚೀಟಿ ಸಿಕ್ಕಿತು. ಒಬ್ಬರೇ ಹೋಗಬಾರದೆಂಬ ಕರಾರು ಇತ್ತಲ್ಲ, ಜೊತೆಗೆ ಹೊರಟವನು ಈ ಅಂಕಣಕಾರ. ಸೋಮವಾರ ರಾತ್ರಿ ಕುಕ್ಕೆಯಲ್ಲಿ ತಂಗಿ, ಮಂಗಳವಾರ ಬೆಳಗ್ಗೆ ಆರಕ್ಕೆ ಹತ್ತಲು ಶುರು.

ಮೊದಲು ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಭಟ್ಟರ ಮನೆ ಎಂದು ಹೆಸರಾದ ಗಿರಿಗದ್ದೆ ಬರುವಷ್ಟರಲ್ಲಿ ಈ ಅಂಕಣಕಾರನ ನಾಲಿಗೆ ಹೊರಗೆ ಬಂದಿತ್ತು. ಅಲ್ಲಿಂದ ಮುಂದೆ ಬಯಲು ಹುಲ್ಲುಗುಡ್ಡ, ನೆತ್ತಿಯ ಮೇಲೆ ಬಿಸಿಲು, ಮರದ ನೆರಳಿಲ್ಲ. ಅಂಗಡಿಯವರು ಮಾತ್ರ ತಕ್ಕಡಿಗೆ ಬತ್ತಿ ಇಟ್ಟ ಹಾಗೆ ಒಂದೇ ಸಮನೆ ಹೆಜ್ಜೆ. ಇಪ್ಪತ್ತರ ಹುಡುಗರು ಓಡಿ ಮುಂದೆ ಹೋಗುತ್ತಾರೆ, ಕೂತು ಸುಧಾರಿಸುತ್ತಾರೆ. ಇವರು ಅವರನ್ನು ದಾಟುತ್ತಾರೆ. ಮತ್ತೆ ಅವರು ಓಡುತ್ತಾರೆ. ಹೀಗೇ ಆಟ.

ಶೇಷಪರ್ವತದ ನೆತ್ತಿಗೆ ಬಂದಾಗ ಎದುರಿಗೆ ಕುಮಾರ ಪರ್ವತದ ತುದಿ ಕಾಣಿಸಿತು. ನಡುವೆ ಒಂದು ಇಳಿಜಾರಿನ ಕಾಡು, ಆಮೇಲೆ ಬಂಡೆ, ಆಮೇಲೆ ಮುಗಿಯಿತು. ಕೈ ಚಾಚಿದರೆ ಸಿಗುವ ಹಾಗಿತ್ತು. ದೂರದ ಬೆಟ್ಟ ನುಣ್ಣಗೆ ಅಂತಾರೆ, ಇದು ಹತ್ತಿರದಲ್ಲೂ ನುಣ್ಣಗೇ ಕಂಡಿತು.

ಅಂಗಡಿಯವರು ಗಡಿಯಾರ ನೋಡಿದರು. ಒಂದಕ್ಕೆ ಐದು ನಿಮಿಷ.

‘ಇನ್ನೇನು ಬಂದೇ ಬಿಡ್ತಲ್ಲ, ಒಂದು ಗಂಟೆ ಹೆಚ್ಚಾದ್ರೆ ಏನೀಗ?’ ಅಂದವನು ನಾನೇ. ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ನನಗೆ ಬೇಕಿದ್ದದ್ದು ಅಂಕಣಕ್ಕೆ ಒಂದು ಒಳ್ಳೇ ಕೊನೆ. ‘ಕೊಪ್ಪಲಿನ ವೀರ, ಐದೂ ಬೆಟ್ಟ ಜಯಿಸಿದ’ ಎಂಬ ತಲೆಬರಹವೂ ಆಗಲೇ ಮನಸ್ಸಿನಲ್ಲಿ ತಯಾರಿತ್ತು.

ಅವರು ಬಂಡೆಯ ಮೇಲೆ ಕೂತರು. ಬುತ್ತಿ ಬಿಚ್ಚಿದರು. ಪುಳಿಯೋಗರೆ ತಿಂದರು. ಎರಡು ನಿಮಿಷ ಆ ತುದಿಯನ್ನೇ ನೋಡಿದರು. ಕಣ್ಣಲ್ಲಿ ನೀರು ಬಂದದ್ದು ಗಾಳಿಗೋ ಏನೋ, ನಾನು ಕೇಳಲಿಲ್ಲ.

‘ಮೇಲಕ್ಕೆ ಹೋಗಕ್ಕೆ ಕಾಲು ಐತೆ ಸಾ. ಕತ್ಲಲ್ಲಿ ಇಳಿಯಕ್ಕೆ ಕಣ್ಣಿಲ್ಲ. ಅವ್ಳಿಗೆ ಮಾತು ಕೊಟ್ಟಿವ್ನಿ’ ಎಂದು ಎದ್ದು, ಬೆನ್ನು ತಿರುಗಿಸಿ ಇಳಿಯತೊಡಗಿದರು.

ಸೋತದ್ದೋ ಗೆದ್ದದ್ದೋ

ಇಳಿದು ಕುಕ್ಕೆ ಸೇರುವ ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಕೊನೆಯ ಕಾಡಿನಲ್ಲಿ ಟಾರ್ಚು ಹಿಡಿದೇ ಬಂದೆವು. ಬೇರಿಗೆ ಕಾಲು ಕೊಟ್ಟು ನಾನು ಎರಡು ಸಲ ಬಿದ್ದೆ. ಆ ತುದಿಗೆ ಹೋಗಿ ಬಂದಿದ್ದರೆ ನಡುಗಾಡಿನಲ್ಲೇ ರಾತ್ರಿ ಆಗುತ್ತಿತ್ತು ಎಂಬುದು ಆಗ ಗೊತ್ತಾಯಿತು. ತಲೆಬರಹದ ಆಸೆ ಅಲ್ಲೇ ಬಿಟ್ಟುಹೋಯಿತು.

ದೊಡ್ಡವರ ಬೆಟ್ಟದಲ್ಲೂ ಇದೇ ಪಾಠ. ಎವರೆಸ್ಟ್ ಏರುವವರೂ ಇಷ್ಟು ಗಂಟೆಗೆ ತುದಿ ಸಿಗದಿದ್ದರೆ ವಾಪಸ್ ಎಂಬ ಹೊತ್ತು ಇಟ್ಟುಕೊಳ್ಳುತ್ತಾರೆ. 1996ರ ಮೇ 10ರಂದು ಅಲ್ಲಿ ಹಲವರು ಆ ಹೊತ್ತು ಮೀರಿ ಮೇಲೆ ಹೋದರು. ಸಂಜೆ ಹಿಮಗಾಳಿ ಎದ್ದಿತು. ಆ ಒಂದು ದಿನದ ಅನಾಹುತದಲ್ಲಿ ಎಂಟು ಮಂದಿ ಸತ್ತರು. ಸತ್ತವರಲ್ಲಿ ಎವರೆಸ್ಟನ್ನು ಅಂಗೈನಂತೆ ಬಲ್ಲ ನುರಿತ ಮಾರ್ಗದರ್ಶಕರೂ ಇದ್ದರು. ಅವರಿಗೆ ಇದ್ದ ಅನುಭವದಲ್ಲಿ ನಮ್ಮ ಅಂಗಡಿಯವರಿಗೆ ನೂರನೇ ಒಂದು ಪಾಲೂ ಇಲ್ಲ. ಇವರಿಗೆ ಇದ್ದದ್ದು ಶಟರ್ ಎಳೆದು ಅಭ್ಯಾಸ.

ಪಟ್ಟಿ ಪೂರ್ತಿಯಾಗಲಿಲ್ಲ ಎಂದು ಕೊರಗುವವರಿಗೆ ಇನ್ನೊಂದು ಸಂಗತಿ. ಸ್ಕಾಟ್‌ಲೆಂಡಿನಲ್ಲಿ ಹ್ಯೂ ಮನ್ರೋ ಎಂಬ ಸಾಹೇಬ 1891ರಲ್ಲಿ ತನ್ನ ದೇಶದ 3,000 ಅಡಿ ಮೀರಿದ ಬೆಟ್ಟಗಳನ್ನೆಲ್ಲ ಪಟ್ಟಿ ಮಾಡಿ ಅಚ್ಚು ಹಾಕಿಸಿದ. ಈಗ ಆ ಪಟ್ಟಿಯಲ್ಲಿ 282 ಬೆಟ್ಟಗಳಿವೆ. ಅವನ್ನೆಲ್ಲ ಹತ್ತಿ ಮುಗಿಸುವುದೇ ಅಲ್ಲಿ ಸಾವಿರಾರು ಜನರ ಗೀಳು. ಅವರಲ್ಲಿ ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು ಎಲ್ಲರೂ ಉಂಟು. ಆದರೆ 1919ರಲ್ಲಿ ತೀರಿಕೊಂಡ ಮನ್ರೋ ಸಾಹೇಬ ತಾನೇ ಬರೆದ ಪಟ್ಟಿಯನ್ನು ತಾನೇ ಮುಗಿಸಲಿಲ್ಲ! ಇದನ್ನು ಅಂಗಡಿಯವರಿಗೆ ಹೇಳಿದಾಗ ಬಹಳ ಹೊತ್ತು ನಕ್ಕರು. ‘ಅಂಗಾರೆ ನಾ ಒಬ್ನೇ ಅಲ್ಲ ಬುಡಿ’ ಎಂದರು.

ಈ ಹಠದಿಂದ ಏನು ಬಂತು ಎಂದು ಕೇಳುವವರು ಇದ್ದಾರೆ. ಡಾಕ್ಟರು ಈಗ ರಕ್ತದ ಚೀಟಿ ನೋಡಿ ಬೈಯುವುದಿಲ್ಲ. ಮನೆಯಾಕೆ ಭಾನುವಾರ ಬೆಳಗ್ಗೆ ತಾವೂ ಚಾಮುಂಡಿ ಮೆಟ್ಟಿಲಿಗೆ ಹೊರಡುತ್ತಾರೆ. ಕಾಯುತ್ತ ಕೂರುವುದಕ್ಕಿಂತ ಹತ್ತುವುದೇ ಸುಲಭ ಎಂದು ಆಕೆಯ ತೀರ್ಮಾನ. ಇನ್ನು, ತಂದೆಯ 52ನೇ ವರ್ಷ ಇವರಿಗೂ ಬಂತು, ಹೋಯಿತು. ಆ ಹುಟ್ಟಿದ ದಿನ ಅವರು ಯಾವ ಬೆಟ್ಟಕ್ಕೂ ಹೋಗಲಿಲ್ಲ. ಅಂಗಡಿ ತೆಗೆದು, ಸಂಜೆ ತನಕ ವ್ಯಾಪಾರ ಮಾಡಿ, ತಂದೆಯ ಫೋಟೋಕ್ಕೆ ಒಂದು ಮೊಳ ಮಲ್ಲಿಗೆ ತಂದು ಹಾಕಿದರು.

ಓದುಗರಲ್ಲಿ ಯಾರಿಗಾದರೂ ಇಂಥ ಹಠ ಹಿಡಿದರೆ ನಾಲ್ಕು ಮಾತು. ಮೊದಲು ಡಾಕ್ಟರನ್ನು ಕಾಣಿ. ಚಾಮುಂಡಿ ಮೆಟ್ಟಿಲನ್ನು ಏರಿ ಇಳಿದು ಅಭ್ಯಾಸ ಮಾಡಿ. ಕಾಡಿನ ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅನುಮತಿ, ಬುಕಿಂಗ್ ನಿಯಮ ಏನಿದೆ ಎಂದು ಹೊರಡುವ ಮೊದಲೇ ವಿಚಾರಿಸಿ, ಏಕೆಂದರೆ ಮಳೆಗಾಲದಲ್ಲೂ ಕಾಡ್ಗಿಚ್ಚಿನ ಕಾಲದಲ್ಲೂ ದಾರಿ ಮುಚ್ಚುವುದುಂಟು. ತಿಂದ ಪೊಟ್ಟಣವನ್ನು ಅಲ್ಲೇ ಎಸೆಯದೆ ವಾಪಸ್ ತನ್ನಿ. ಮತ್ತೆ, ನಿಮ್ಮ ಶಟರ್ ಎಷ್ಟು ಗಂಟೆಗೆ ಎಂದು ಮನೆಯಲ್ಲಿ ಕೂತು ಮೊದಲೇ ತೀರ್ಮಾನ ಮಾಡಿ. ಬೆಟ್ಟದ ಮೇಲೆ ನಿಂತಾಗ ಆ ತೀರ್ಮಾನ ಮಾಡಲು ಬರುವುದಿಲ್ಲ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಪುಸ್ತಕದ ಕೊನೇ ಪುಟ ತೋರಿಸಿದರು. ನಾಲ್ಕು ಹೆಸರಿನ ಮುಂದೆ ಟಿಕ್ಕು. ಐದನೆಯದರ ಮುಂದೆ ತಮ್ಮದೇ ಕೈಬರಹದಲ್ಲಿ ‘ಬಾಕಿ’ ಎಂದು ಬರೆದಿದ್ದರು. ಆ ಪುಸ್ತಕದ ತುಂಬ ಇರುವ ಬಾಕಿಗಳಲ್ಲಿ ಅವರ ಸ್ವಂತದ್ದು ಇದೊಂದೇ.

‘ಇದ್ನ ಯಾವಾಗ ತೀರಿಸ್ತೀರಿ?’ ಎಂದು ಕೇಳಿದೆ.

ಅವರು ಪುಟ ಹಿಂದಕ್ಕೆ ತಿರುವಿ, ನನ್ನ ಹೆಸರಿದ್ದ ಕಡೆ ಬೆರಳಿಟ್ಟರು.

‘ಮೊದ್ಲು ನೀವು ನಿಮ್ದು ತೀರ್ಸಿ ಸಾ. ಬೆಟ್ಟ ಎಲ್ಗೂ ಹೋಗಾಕಿಲ್ಲ.’